ಅಮ್ಮನಿಗೆ ಮರೆವಿನ ಕಾಯಿಲೆ, ನೋಡಿಕೊಳ್ಳಲು ನಾನೊಬ್ಬಳೇ. ಬೆಂಗಳೂರಿನಲ್ಲಿ ಯಾರ ನೆರವು ಸಿಗುತ್ತದೆ?

ತಾಯಿಗೆ ಎಪ್ಪತ್ತಾರು, ಡಿಮೆನ್ಷಿಯಾ ಅಂದಿದ್ದಾರೆ, ಅಣ್ಣ ಪುಣೆಯಿಂದ ಫೋನ್ ಮಾತ್ರ ಮಾಡ್ತಾರೆ, ಕೆಲಸ ಬಿಡಲಾ ಇಲ್ಲಾ ಆಶ್ರಮಕ್ಕೆ ಸೇರಿಸಲಾ ಅಂತ ಕೇಳಿದ್ದೀರಿ. ಎರಡೂ ಈಗಲೇ ಬೇಡ. ನಮ್ಮತ್ತೆಯನ್ನು ನಾಲ್ಕು ವರ್ಷ ಮನೆಯಲ್ಲೇ ನೋಡಿಕೊಂಡವಳು ನಾನು. ಮೊದಲು ದಿನಕ್ಕೆ ಮೂರ್ನಾಲ್ಕು ಗಂಟೆ ನಿಮ್ಮ ಕೈ ಬಿಡುವು ಮಾಡಿಕೊಡುವವರನ್ನು ಹುಡುಕಿ. ಆಮೇಲೆ ಮಿಕ್ಕಿದ್ದು.

14567ಕ್ಕೆ ಫೋನ್ ಮಾಡಿ. ಎಲ್ಡರ್‌ಲೈನ್ ಅಂತ, ಹಿರಿಯರ ಸಹಾಯವಾಣಿ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಕನ್ನಡದಲ್ಲೇ ಮಾತಾಡ್ತಾರೆ. ಬೆಂಗಳೂರಿಗೇ ಅಂತ 1090 ಬೇರೆ ಇದೆ, ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ್ದು. ಪೊಲೀಸ್ ಅಂದಕೂಡಲೇ ಗಾಬರಿಯಾಗಬೇಡಿ, ದೂರು ಕೊಡುವವರೇ ಮಾಡಬೇಕು ಅಂತೇನಿಲ್ಲ. ಇದೇ ಟ್ರಸ್ಟು ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಒಂದು ಕೇಂದ್ರ ನಡೆಸುತ್ತದೆ. ಎಲ್ಲಿಗೇ ಹೋದರೂ ಫೀಸಿಗಿಂತ ಮುಂಚೆ ಕೇಳಬೇಕಾದ್ದು: ಹಗಲು ಮಾತ್ರ ಬಿಡಬಹುದಾ? ನಾನು ಊರಿಗೆ ಹೋದರೆ ನಾಲ್ಕು ದಿನ ಇಟ್ಟುಕೊಳ್ತೀರಾ? ಬಚ್ಚಲಿಗೆ ಕರೆದುಕೊಂಡು ಹೋಗುವವರು ಯಾರು?

ಡೇ ಕೇರ್‌ನಿಂದ ನನಗಾದ ದೊಡ್ಡ ಉಪಕಾರ ಬಿಡುವಲ್ಲ, ಪಾಠ. ನಮ್ಮತ್ತೆ ಸಂಜೆ ಐದಾಯಿತೆಂದರೆ ಸೀರೆಗಳನ್ನೆಲ್ಲ ಹೊದಿಕೆಯಲ್ಲಿ ಗಂಟು ಕಟ್ಟಿ, 'ತಿಪಟೂರು ಬಸ್ಸು ಹೊರಟುಹೋಗುತ್ತೆ ಕಣೇ' ಅಂತ ಗೇಟಿನ ಚಿಲಕ ಎಳೆಯುತ್ತಿದ್ದರು. ತಿಪಟೂರಿನ ಮನೆ ಮಾರಿ ಎಷ್ಟೋ ವರ್ಷ. ನಾನು ದಿನಾ ಅದನ್ನೇ ಹೇಳೋದು, ಅವರು ದಿನಾ ಹೊಸದಾಗಿ ಅಳೋದು. ಈ ಕಾಯಿಲೆಯಲ್ಲಿ ಸಂಜೆ ಹೊತ್ತಿಗೆ ಗೊಂದಲ ಜಾಸ್ತಿ ಅಂತ ನನಗೆಲ್ಲಿ ಗೊತ್ತಿತ್ತು? ಅಲ್ಲಿನ ಹುಡುಗಿಯೊಬ್ಬಳು, 'ವಾದ ಮಾಡಬೇಡಿ ಮೇಡಂ, ಕೈಗೆ ಕೆಲಸ ಕೊಡಿ' ಅಂದಳು. ಮಾರನೇ ದಿನ 'ಬಸ್ಸು ಆರಕ್ಕಂತೆ ಅತ್ತೆ, ಅಷ್ಟರಲ್ಲಿ ಇದೊಂದು ಹಿದುಕಿಬಿಡೋಣ' ಅಂತ ನೆನೆಸಿದ ಅವರೆಕಾಳಿನ ಬೋಗುಣಿ ಮುಂದಿಟ್ಟೆ. ಮಗನ ಹೆಸರು ಮರೆತವರು ಒಂದು ಕಾಳೂ ಮುರಿಯದಂತೆ ಹಿದುಕಿಕೊಟ್ಟರು.

ಮನೆಗೆ ಅಟೆಂಡರ್ ಇಡುವುದಾದರೆ ಎಚ್ಚರ. ನಾವು ಹಿಡಿದ ಏಜೆನ್ಸಿ ಒಂದೇ ತಿಂಗಳಲ್ಲಿ ನಾಲ್ಕು ಜನರನ್ನು ಬದಲಾಯಿಸಿತು, ಡೆಪಾಸಿಟ್ ಇನ್ನೂ ವಾಪಸ್ ಬಂದಿಲ್ಲ. ಮುಂಗಡ ಕಮ್ಮಿ ಕೊಡಿ, ಮೊದಲ ಎರಡು ದಿನ ನೀವೂ ಮನೆಯಲ್ಲಿರಿ.

ಅಂದ ಹಾಗೆ, ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ? ಅವುಗಳ ಕೊರತೆಯಿಂದಲೂ ಮರೆವು ಬರುತ್ತದೆ. ಅರಳು ಮರಳು ಅಂತ ಸುಮ್ಮನಾಗುವವರೇ ಹೆಚ್ಚು. ನಿಮ್ಹಾನ್ಸ್‌ನಲ್ಲಿ ಒಮ್ಮೆ ತೋರಿಸಿ.

ಇನ್ನೊಂದು ನಂಬರ್ 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲೂ ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ. ಇದು ಅಮ್ಮನಿಗಲ್ಲ, ನಿಮಗೆ. ಮೂರನೇ ಸಲ ಹಾಸಿಗೆ ಬದಲಾಯಿಸಿದ ಒಂದು ರಾತ್ರಿ ಅತ್ತೆಯ ಮೇಲೆ ಕೈ ಎತ್ತಿಬಿಟ್ಟಿದ್ದೆ. ಹೊಡೆಯಲಿಲ್ಲ. ಆದರೆ ಅವರು ಮುಖಕ್ಕೆ ಕೈ ಅಡ್ಡ ಹಿಡಿದರು. ಎರಡು ಗಂಟೆ ರಾತ್ರಿಯಲ್ಲಿ ಬಾಲ್ಕನಿಯಲ್ಲಿ ನಿಂತು ಆ ನಂಬರಿಗೆ ಫೋನ್ ಮಾಡಿದೆ.

ಇನ್ನು ನಿಮ್ಮಣ್ಣ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ತಾಯಿ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶ ಕೇಳಬಹುದು, ತಿಂಗಳಿಗೆ 10,000 ರೂಪಾಯಿವರೆಗೆ. ಅವರ ಒಪ್ಪಿಗೆಯಿದ್ದರೆ ಅರ್ಜಿ ನೀವೂ ಹಾಕಬಹುದು. ನಾನಾಗಿದ್ದರೆ ಅಷ್ಟು ದೂರ ಹೋಗುವ ಮೊದಲು ದುಡ್ಡಿನ ಬದಲು ದಿನ ಕೇಳುತ್ತಿದ್ದೆ. ನಮ್ಮ ಮೈದುನನೂ ಫೋನಿನಲ್ಲೇ ವಿಚಾರಿಸಿಕೊಳ್ಳುವ ಪೈಕಿ. ಹತ್ತು ದಿನ ರಜೆ ಹಾಕಿ ಬಾಪ್ಪಾ ಅಂತ ಕರೆಸಿ, ನಾನು ತವರಿಗೆ ಹೋದೆ. ಆರನೇ ದಿನಕ್ಕೆ ಫೋನ್ ಬಂತು: 'ಅತ್ತಿಗೆ, ಅಟೆಂಡರ್‌ಗೆ ತಿಂಗಳಿಗೆ ಎಷ್ಟು ಕೊಡ್ತೀರಿ?'