ಪಾರಿವಾಳದ ಹಿಕ್ಕೆ, ಯೀಸ್ಟ್ ಮತ್ತು ಒಂದು ಮೀಥೈಲ್

ಪ್ರಶ್ನೆ: ನಮ್ಮ ಬಾಲ್ಕನಿಯಲ್ಲಿ ಪಾರಿವಾಳಗಳ ಕಾಟ. ಅವುಗಳ ಹಿಕ್ಕೆಯಲ್ಲಿ ಕ್ರಿಪ್ಟೋಕಾಕಸ್ ಎಂಬ ಯೀಸ್ಟ್ ಇರುತ್ತದೆ, ಅದರ ಕೋಶದ ಗೋಡೆಯಲ್ಲಿರುವ ಗ್ಲೈಕೋಲಿಪಿಡ್ (ಸಕ್ಕರೆ ಅಂಟಿದ ಕೊಬ್ಬು) ಇಲ್ಲದಿದ್ದರೆ ರೋಗವೇ ಬರಲ್ಲ ಅಂತ ಎಂ.ಎಸ್ಸಿ. ಓದುವ ಮಗಳು ಹೇಳುತ್ತಾಳೆ. ಅಂಥದ್ದು ನಮ್ಮ ಮೈಯಲ್ಲೂ ಇದೆಯಂತೆ. ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು ಸರ್?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಬಾಲ್ಕನಿ ವಿಷಯ. ಒಣಗಿದ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಎಚ್‌ಐವಿ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಆ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಈ ಯೀಸ್ಟ್ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಅಂಥವರಲ್ಲಿ ಅಲ್ಲಿಂದ ಮೆದುಳಿಗೂ ಹೋಗಬಹುದು.

ಈಗ ಮಗಳ ಮಾತಿಗೆ ಬರೋಣ. ಅವಳು ಹೇಳುತ್ತಿರುವುದು ಗ್ಲೂಕೋಸಿಲ್‌ಸೆರಮೈಡ್ ಬಗ್ಗೆ. ಒಂದು ಗ್ಲೂಕೋಸ್ ತಲೆ, ಕೊಬ್ಬಿನ ಎರಡು ಉದ್ದ ಬಾಲ, ಅಷ್ಟೇ. ತಲೆ ನಮ್ಮಲ್ಲೂ ಅದೇ. ಬಾಲ ಬೇರೆ. ಸ್ಫಿಂಗೋಸಿನ್ ಎನ್ನುವ ಬಾಲದಲ್ಲಿ ನಮಗೆ ಸಾಮಾನ್ಯವಾಗಿ 4ನೇ ಕಾರ್ಬನ್ ಹತ್ತಿರ ಒಂದು ಜೋಡಿಬಂಧ ಇರುತ್ತದೆ. ಯೀಸ್ಟ್‌ಗೆ 8ನೇ ಕಾರ್ಬನ್ ಬಳಿ ಇನ್ನೊಂದು, ಜೊತೆಗೆ 9ನೇ ಕಾರ್ಬನ್‌ಗೆ ಅಂಟಿಕೊಂಡ ಒಂದು ಮೀಥೈಲ್. ಒಂದು ಕಾರ್ಬನ್, ಮೂರು ಹೈಡ್ರೋಜನ್. ಇಷ್ಟು ಚಿಕ್ಕದು ಏನು ಮಾಡೀತು ಅನ್ನಿಸುತ್ತೆ, ಅಲ್ವಾ? ಆ ಮೀಥೈಲ್ ಸೇರಿಸುವ ಕಿಣ್ವವನ್ನು ತೆಗೆದುಹಾಕಿದಾಗ ಇಲಿಗಳಿಗೆ ರೋಗ ತರುವ ಯೀಸ್ಟ್‌ನ ಕಸುವೇ ತಗ್ಗಿತು.

ಇಡೀ ಗ್ಲೂಕೋಸಿಲ್‌ಸೆರಮೈಡನ್ನೇ ಮಾಡಲಾಗದ ಯೀಸ್ಟ್‌ನ ಕತೆ ಇನ್ನೂ ಸ್ವಾರಸ್ಯ. 2006ರಲ್ಲಿ ಅಮೆರಿಕದ ಸಂಶೋಧಕರು ಅದನ್ನು ಇಲಿಗಳ ಮೂಗಿಗೆ ಹಾಕಿದರು. ಇಲಿಗಳು ಬದುಕಿಕೊಂಡವು. ಮಾಮೂಲಿ ಯೀಸ್ಟ್ ಹಾಕಿದ ಇಲಿಗಳು ಸತ್ತವು. ಹಾಗಂತ ಗ್ಲೂಕೋಸಿಲ್‌ಸೆರಮೈಡ್ ಇಲ್ಲದ ಯೀಸ್ಟ್ ಬಡಕಲಲ್ಲ. ನಮ್ಮ ಬಿಳಿ ರಕ್ತಕಣದ ಹುಳಿ ಹೊಟ್ಟೆಯೊಳಗೆ ಚೆನ್ನಾಗೇ ಬೆಳೆಯುತ್ತದೆ. ಶ್ವಾಸಕೋಶದ ಗಾಳಿಗೂಡಿನಲ್ಲಿ ಹುಳಿ ಇಲ್ಲ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಅಲ್ಲಿ ಮಾತ್ರ ಅದಕ್ಕೆ ಮೊಗ್ಗೊಡೆಯಲು, ಅಂದರೆ ಮೈಯಿಂದ ಮರಿಕೋಶ ಹೊರಡಿಸಿ ಹೆಚ್ಚಿಕೊಳ್ಳಲು, ಆಗುವುದಿಲ್ಲ. 2000ರಲ್ಲೇ ಬ್ರೆಜಿಲ್‌ನವರು ಈ ಕೊಬ್ಬು ಹೆಚ್ಚಾಗಿ ಗೋಡೆಯಲ್ಲಿ, ಅದರಲ್ಲೂ ಮೊಗ್ಗು ಒಡೆಯುವ ಜಾಗದಲ್ಲಿ ಸೇರಿಕೊಳ್ಳುತ್ತದೆ ಎಂದು ತೋರಿಸಿದ್ದರು. ರೋಗಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಅದಕ್ಕೆ ಅಂಟಿಸಿದಾಗ ಮೊಗ್ಗೊಡೆಯುವುದು ಕುಂಠಿತವಾಯಿತು.

ನಾನು ಮೈಕ್ರೋಬಯಾಲಜಿ ಪಾಠ ಹೇಳುತ್ತಿದ್ದವನು. ಬೆನ್ನುಹುರಿಯ ನೀರಿಗೆ ಇಂಡಿಯಾ ಇಂಕ್ ಬೆರೆಸಿ, ಕಪ್ಪು ಹಿನ್ನೆಲೆಯಲ್ಲಿ ಯೀಸ್ಟ್ ಸುತ್ತ ಕಾಣುವ ಬಿಳಿ ಬಳೆಯನ್ನು ಹುಡುಗರಿಗೆ ತೋರಿಸುತ್ತಿದ್ದೆ. ಆ ಬಳೆ ಸಕ್ಕರೆಯ ಹೊರಕವಚ, ಗ್ಲೈಕೋಲಿಪಿಡ್ ಅಲ್ಲ. ನಮ್ಮ ಪಠ್ಯಪುಸ್ತಕಗಳು ಕವಚಕ್ಕೆ ಪುಟಗಟ್ಟಲೆ ಕೊಟ್ಟು ಗೋಡೆಯ ಕೊಬ್ಬನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಪ್ರಶ್ನೆ: ಬ್ರೆಡ್ ಉಬ್ಬಿಸುವ ಯೀಸ್ಟ್‌ನಲ್ಲೂ ಇದು ಇದೆಯೇ? ಇದಕ್ಕೆಂದೇ ಔಷಧ ಉಂಟೇ?
– ಇನ್ನೊಬ್ಬ ಓದುಗರು, ಉಡುಪಿ

ಉತ್ತರ: ಬ್ರೆಡ್ ಯೀಸ್ಟ್ ಗ್ಲೂಕೋಸಿಲ್‌ಸೆರಮೈಡನ್ನು ಮಾಡುವುದೇ ಇಲ್ಲ. ಬಾಯಿಹುಣ್ಣು ತರುವ ಕ್ಯಾಂಡಿಡಾ ಆಲ್ಬಿಕಾನ್ಸ್ ಮಾಡುತ್ತದೆ, ಅದೂ ಮೀಥೈಲ್ ಸಮೇತ. ಅದರ ಗೋಡೆಯಲ್ಲಿ ಫಾಸ್ಫೋಲಿಪೋಮ್ಯಾನನ್ ಅನ್ನುವ ಇನ್ನೊಂದು ಗ್ಲೈಕೋಲಿಪಿಡ್ ಕೂಡ ಇದೆ. ಅಲ್ಲಿ ಕೊಬ್ಬಿನ ತುದಿಗೆ ಮ್ಯಾನೋಸ್ ಸಕ್ಕರೆಯ ಉದ್ದ ಸರ. ಔಷಧ ಇನ್ನೂ ಅಂಗಡಿಗೆ ಬಂದಿಲ್ಲ. ಶಿಲೀಂಧ್ರದ ಗ್ಲೂಕೋಸಿಲ್‌ಸೆರಮೈಡ್ ತಯಾರಿಕೆಯನ್ನೇ ತಡೆಯುವ ಒಂದು ರಾಸಾಯನಿಕ ಇಲಿಗಳಲ್ಲಿ ಫಲ ಕೊಟ್ಟ ವರದಿ 2015ರಲ್ಲಿ ಬಂತು. ಸದ್ಯಕ್ಕೆ ಕ್ರಿಪ್ಟೋಕಾಕಸ್ ಮೆದುಳುಜ್ವರಕ್ಕೆ ವೈದ್ಯರು ಕೊಡುವುದು ಆಂಫೊಟೆರಿಸಿನ್ ಬಿ, ಫ್ಲೂಸೈಟೊಸಿನ್, ಫ್ಲುಕೊನಜೋಲ್.