ಪಕ್ಷದ ಮೇಲೆ ಮುನಿಸು: ಪ್ರೈಮರಿಗೆ ಮೊದಲೇ ಹೊರಬರಬೇಕೆ?

ಪ್ರಶ್ನೆ: ನ್ಯೂಯಾರ್ಕ್ ವಾಸಿ, ಅಮೆರಿಕದ ಪೌರ. ಡೆಮಾಕ್ರಟಿಕ್ ಪಕ್ಷಕ್ಕೆ ನೋಂದಣಿಯಾಗಿದ್ದೇನೆ. ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳ ಚುನಾವಣೆ) ಶುರುವಾಗುವ ಮೊದಲೇ ಪಕ್ಷದ ದೊಡ್ಡವರು ಅಭ್ಯರ್ಥಿಯನ್ನು ಗೊತ್ತುಮಾಡಿದಂತೆ ಕಾಣುತ್ತಿದೆ. ಬೇಸತ್ತು ನೋಂದಣಿ ತೆಗೆಸಬೇಕೆಂದಿದ್ದೇನೆ. ಸರಿಯೇ?

ತೆಗೆಸಿ, ಆದರೆ ಪ್ರೈಮರಿಯಲ್ಲಿ ಮತ ಹಾಕಿದ ಮೇಲೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಿಟ್ಟಿಳಿದ ಮೇಲೆ ಬರುವುದಿಲ್ಲ.

ನ್ಯೂಯಾರ್ಕಿನದು ಮುಚ್ಚಿದ ಪ್ರೈಮರಿ. ಪಕ್ಷಕ್ಕೆ ನೋಂದಣಿಯಾದವರಿಗೆ ಮಾತ್ರ ಮತ. ಫೆಬ್ರವರಿ 14ರೊಳಗೆ ಬದಲಾವಣೆಯ ಅರ್ಜಿ ಚುನಾವಣಾ ಮಂಡಳಿಗೆ ತಲುಪಿದರೆ ಅದು ಕೂಡಲೇ ಜಾರಿಗೆ ಬರುತ್ತದೆ, ಆ ವರ್ಷದ ಪ್ರೈಮರಿ ನಿಮ್ಮ ಕೈತಪ್ಪುತ್ತದೆ. ಆಮೇಲೆ ಕೊಟ್ಟ ಅರ್ಜಿಯನ್ನು ಜೂನ್ ಪ್ರೈಮರಿ ಮುಗಿದು ಒಂದು ವಾರದವರೆಗೆ ಎತ್ತಿಡುತ್ತಾರೆ. ಮೊದಲು ಈ ಗಡುವು ಇನ್ನೂ ಕಠಿಣವಾಗಿತ್ತು: 2016ರ ಏಪ್ರಿಲ್ ಪ್ರೈಮರಿಗೆ ಪಕ್ಷ ಬದಲಿಸಲು ಹಿಂದಿನ ಅಕ್ಟೋಬರ್‌ನಲ್ಲೇ ಅವಕಾಶ ಮುಗಿದಿತ್ತು. ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಕೂಡ ಆ ಸಲ ತಂದೆಗೆ ಮತ ಹಾಕಲಾಗಲಿಲ್ಲ.

ಬೇರೆ ರಾಜ್ಯಗಳ ಲೆಕ್ಕವೇ ಬೇರೆ. ಕೆಂಟಕಿಯಲ್ಲಿ ಹಿಂದಿನ ವರ್ಷದ ಡಿಸೆಂಬರ್ 31 ಕೊನೆಯ ದಿನ. ಪೆನ್ಸಿಲ್ವೇನಿಯಾದಲ್ಲಿ ಪ್ರೈಮರಿಗೆ 15 ದಿನ ಮುಂಚೆ, ಫ್ಲಾರಿಡಾದಲ್ಲಿ 29 ದಿನ ಮುಂಚೆ. ಟೆಕ್ಸಾಸ್, ಮಿಷಿಗನ್, ವರ್ಜೀನಿಯಾಗಳಲ್ಲಿ ಪಕ್ಷದ ನೋಂದಣಿಯೇ ಇಲ್ಲ. ಯಾವ ಪಕ್ಷದ ಪ್ರೈಮರಿ ಎಂದು ಮತದಾರರು ಆ ಹೊತ್ತಿಗೆ ಆರಿಸಿಕೊಳ್ಳುತ್ತಾರೆ. ಟೆಕ್ಸಾಸ್‌ನಲ್ಲಿ ಮಾತ್ರ ಒಂದು ಎಚ್ಚರ: ಮಾರ್ಚ್‌ನಲ್ಲಿ ಒಂದು ಪಕ್ಷದಲ್ಲಿ ಮತ ಹಾಕಿ, ಯಾರಿಗೂ ಬಹುಮತ ಬರದಿದ್ದಾಗ ಮೇ ತಿಂಗಳಲ್ಲಿ ನಡೆಯುವ ರನ್‌ಆಫ್‌ನಲ್ಲಿ ಇನ್ನೊಂದಕ್ಕೆ ಹಾರುವಂತಿಲ್ಲ.

ನೋಂದಣಿ ಎಂದರೆ ನಿಷ್ಠೆಯ ಪ್ರಮಾಣವಲ್ಲ. ಚಂದಾ ಇಲ್ಲ, ಕರಾರಿಲ್ಲ. ನವೆಂಬರ್‌ನಲ್ಲಿ ಯಾರಿಗೆ ಬೇಕಾದರೂ ಮತ ಹಾಕಬಹುದು. ಪಕ್ಷ ದಾರಿ ತಪ್ಪಿದೆ ಎನ್ನುವವರ ಮಾತಿಗೆ ಹೆಚ್ಚು ತೂಕವಿರುವುದು ಪ್ರೈಮರಿಯಲ್ಲಿ, ಅಲ್ಲಿ ಮತ ಹಾಕುವವರು ಕಡಿಮೆ. ಅತೃಪ್ತರೇ ಮೊದಲು ಎದ್ದು ಹೋದರೆ ಉಳಿದವರ ಆಯ್ಕೆ ಇನ್ನೂ ಸಲೀಸಾಗುತ್ತದೆ.

ಪ್ರಶ್ನೆ: ಪ್ರೈಮರಿಯಲ್ಲಿ ಆರಿಸಿ ಬರದೆ ಸಮಾವೇಶದಲ್ಲಿ ಮತ ಹಾಕುವ ಪಕ್ಷದ ಹಿರಿಯರು, ಅಂದರೆ ಸೂಪರ್ ಡೆಲಿಗೇಟ್‌ಗಳೇ ಎಲ್ಲ ತೀರ್ಮಾನಿಸುತ್ತಾರಂತೆ, ನಿಜವೇ?

ಈಗ ಅಷ್ಟು ನಿಜವಲ್ಲ. 2018ರ ನಿಯಮ ಬದಲಾವಣೆಯ ನಂತರ, ಅಧ್ಯಕ್ಷ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಸಮಾವೇಶದಲ್ಲಿ ಪೈಪೋಟಿಯಿದ್ದರೆ ಮೊದಲ ಸುತ್ತಿನಲ್ಲಿ ಅವರಿಗೆ ಮತವಿಲ್ಲ. ನಿಮ್ಮ ಅಭ್ಯರ್ಥಿಯನ್ನು ಹೆಚ್ಚಾಗಿ ಮುಳುಗಿಸುವುದು ಶೇ. 15ರ ಮಿತಿ. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ರಾಜ್ಯ ಮಟ್ಟದಲ್ಲಿ ಶೇ. 14 ಪಡೆದವರಿಗೆ ಆ ಮಟ್ಟದ ಡೆಲಿಗೇಟ್ (ಸಮಾವೇಶದಲ್ಲಿ ಅವರ ಪರ ಮತ ಹಾಕುವ ಪ್ರತಿನಿಧಿ) ಒಬ್ಬರೂ ಸಿಗುವುದಿಲ್ಲ. ಕ್ಷೇತ್ರವಾರು ಹಂಚಿಕೆಯಲ್ಲೂ ಇದೇ ಮಿತಿ. ಒಂದೇ ಬಣದಿಂದ ಮೂವರು ನಿಂತರೆ ಮೂವರೂ ಕೊಚ್ಚಿಹೋಗಬಹುದು, ಅದಕ್ಕೆ ಯಾರ ಸಂಚೂ ಬೇಕಿಲ್ಲ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಪಕ್ಷ ಬಿಟ್ಟು 'ಇಂಡಿಪೆಂಡೆಂಟ್' ಆದೆ. ಈಗ ಅಧ್ಯಕ್ಷ ಪ್ರೈಮರಿಯಲ್ಲಿ ನನಗೆ ಬೇಕಾದ ಹೆಸರುಗಳೇ ಬಂದಿಲ್ಲ.

ನೋಂದಣಿಯಲ್ಲಿ ಏನು ಬರೆದಿದೆ ನೋಡಿ. 'ಅಮೆರಿಕನ್ ಇಂಡಿಪೆಂಡೆಂಟ್' ಅಲ್ಲಿ ಒಂದು ಬಲಪಂಥೀಯ ಪಕ್ಷ. ಯಾವ ಪಕ್ಷವೂ ಬೇಡವೆಂದುಕೊಂಡ ಎಷ್ಟೋ ಜನ ಅರಿಯದೆ ಅದನ್ನೇ ಗುರುತು ಮಾಡಿಬಿಡುತ್ತಾರೆ. ನೀವು ಆರಿಸಬೇಕಾದದ್ದು 'ನೋ ಪಾರ್ಟಿ ಪ್ರಿಫರೆನ್ಸ್'. ಅದಾದರೂ ಅಂಚೆಯಲ್ಲಿ ಬರುವ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದ ಪಟ್ಟಿ ತಾನಾಗಿ ಇರುವುದಿಲ್ಲ. ಹೊರಗಿನವರಿಗೆ ಅವಕಾಶ ಕೊಟ್ಟ ಪಕ್ಷದ ಮತಪತ್ರವನ್ನು ಕೌಂಟಿ ಕಚೇರಿಯಿಂದ ಕೇಳಿ ಪಡೆಯಬೇಕು. 2020 ಮತ್ತು 2024ರಲ್ಲಿ ಡೆಮಾಕ್ರಟಿಕ್ ಪಕ್ಷ ಅವಕಾಶ ಕೊಟ್ಟಿತ್ತು, ರಿಪಬ್ಲಿಕನ್ ಪಕ್ಷ ಕೊಟ್ಟಿರಲಿಲ್ಲ.

ಮತಪತ್ರ ಬಂದ ದಿನವೇ ತುಂಬಿ ಕಳಿಸಬೇಡಿ. ಹಲವು ರಾಜ್ಯಗಳು ಒಂದೇ ದಿನ ಪ್ರೈಮರಿ ನಡೆಸಿದ 2020ರ ಮಾರ್ಚ್ 3ರ ಸೂಪರ್ ಟ್ಯೂಸ್‌ಡೇಗೆ ಎರಡೇ ದಿನ ಮುಂಚೆ ಪೀಟ್ ಬುಟಿಜೆಜ್, ಮರುದಿನ ಏಮಿ ಕ್ಲೋಬುಶಾರ್ ಕಣದಿಂದ ಸರಿದರು. ಅವರಿಗೆ ಆಗಲೇ ಮತ ಕಳಿಸಿದ್ದವರಿಗೆ ಬದಲಿಸುವ ದಾರಿ ಇರಲಿಲ್ಲ. ಕೊನೆಯ ಎರಡು ಮೂರು ದಿನಗಳಲ್ಲಿ ಡ್ರಾಪ್ ಬಾಕ್ಸ್‌ಗೆ ಹಾಕುವುದು ಒಳ್ಳೆಯದು. ಲಕೋಟೆಯ ಮೇಲಿನ ಸಹಿ ಮರೆಯಬೇಡಿ.

ಪ್ರಶ್ನೆ: ಯಾರೂ ಹಿಡಿಸದಿದ್ದರೆ ಖಾಲಿ ಬಿಡಬಹುದೇ?

ಬಿಡಬಹುದು, ಆದರೆ ಖಾಲಿ ಜಾಗದಲ್ಲಿ ಅಸಮಾಧಾನವನ್ನು ಯಾರೂ ಓದುವುದಿಲ್ಲ. ಮಿಷಿಗನ್‌ನಂಥ ಕಡೆ 'ಅನ್‌ಕಮಿಟೆಡ್' (ಯಾರ ಪರವೂ ಅಲ್ಲ) ಗುರುತು ಎಣಿಕೆಗೆ ಬರುತ್ತದೆ. 2024ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಒತ್ತಿದರು, ಇಬ್ಬರು ಡೆಲಿಗೇಟ್‌ಗಳು ದಕ್ಕಿದರು. ನೆವಾಡಾದಲ್ಲಿ 'ಇವರಲ್ಲಿ ಯಾರೂ ಅಲ್ಲ' ಎಂಬ ಸಾಲೇ ಇದೆ. ಹೆಸರು ಕೈಯಲ್ಲಿ ಬರೆಯುವ ಮುನ್ನ ವಿಚಾರಿಸಿ: ಮೊದಲೇ ಅರ್ಜಿ ಸಲ್ಲಿಸಿದವರ ಹೆಸರನ್ನು ಮಾತ್ರ ಎಣಿಸುವ ರಾಜ್ಯಗಳು ಬಹಳ.

ಪ್ರಶ್ನೆ: ಪಕ್ಷದ ಇಮೇಲ್ ನಿಲ್ಲಿಸಿದೆ, ಆದರೂ ಕಾರ್ಡಿನಿಂದ ತಿಂಗಳ ದೇಣಿಗೆ ಹೋಗುತ್ತಿದೆ.

ಅವೆರಡೂ ಬೇರೆ ಬೇರೆ. ಹಣ ಕಡಿತವಾಗುವುದು ದೇಣಿಗೆ ಸಂಗ್ರಹಿಸುವ ತಾಣಗಳಾದ ಆ್ಯಕ್ಟ್‌ಬ್ಲೂ ಅಥವಾ ವಿನ್‌ರೆಡ್ ಮೂಲಕ. ಮೊದಲ ದೇಣಿಗೆಯ ರಸೀದಿ ಇಮೇಲ್ ಹುಡುಕಿ, ಅದು ತಲುಪಿದ ನಿಮ್ಮ ಇಮೇಲ್ ವಿಳಾಸದಿಂದಲೇ ಆ ತಾಣದಲ್ಲಿ ಲಾಗಿನ್ ಆಗಿ, ಮರುಕಳಿಸುವ ದೇಣಿಗೆಗಳನ್ನು ಒಂದೊಂದಾಗಿ ರದ್ದು ಮಾಡಿ. ಹಲವು ಅಭ್ಯರ್ಥಿಗಳಿಗೆ ಕೊಟ್ಟಿದ್ದರೆ ಪ್ರತಿಯೊಂದೂ ಪ್ರತ್ಯೇಕ ಸಾಲಿನಲ್ಲಿರುತ್ತದೆ.