1916ರವರೂ ಒಮಾದವರೂ ಒಂದೇನಾ?

ಶಿವಮೊಗ್ಗದಿಂದ ಬರೆದಿರೋ ಸರ್, ನಮಸ್ಕಾರ. ಹೋದ ಸಂಚಿಕೆಯ ಐರ್ಲೆಂಡ್ ಲೇಖನ ಓದಿ, "1916ರಲ್ಲಿ ಬಂದೂಕು ಹಿಡಿದವರನ್ನ ಹೊಗಳ್ತೀರಿ, ಆಮೇಲೆ ಹಿಡಿದವರನ್ನ ಬೈತೀರಿ, ಇದ್ಯಾವ ನ್ಯಾಯ? ಚಿತ್ತಗಾಂಗಿನ ಕ್ರಾಂತಿಕಾರಿ ಸೂರ್ಯ ಸೇನ್‌ಗೂ ಅವರೇ ಸ್ಫೂರ್ತಿ ಅಲ್ವಾ?" ಅಂತ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆನೇ.

ನಿಜ, 1916ರಲ್ಲಿ ಬ್ರಿಟಿಷ್ ಆಳ್ವಿಕೆ ವಿರುದ್ಧ ಎದ್ದ ಈಸ್ಟರ್ ದಂಗೆಗೂ ಯಾರೂ ಓಟು ಹಾಕಿರಲಿಲ್ಲ, ಆ ವಾರ ಡಬ್ಲಿನ್‌ನಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಮಾನ್ಯ ಜನ. ಆದ್ರೆ ಬ್ರಿಟಿಷರು ಹತ್ತು ದಿನದಲ್ಲಿ 15 ಜನರನ್ನ ಗುಂಡಿಟ್ಟು ಕೊಂದ್ರು, ಗಾಯವಾಗಿ ನಿಲ್ಲೋಕೂ ಆಗದ ದಂಗೆಯ ನಾಯಕ ಜೇಮ್ಸ್ ಕಾನಲಿನ ಕುರ್ಚಿಗೆ ಕಟ್ಟಿ ಹೊಡೆದ್ರು, ಜನ ತಿರುಗಿಬಿದ್ದಿದ್ದೇ ಆಗ. 1918ರ ಚುನಾವಣೆಲಿ ಐರ್ಲೆಂಡಿನ 105 ಸೀಟಲ್ಲಿ 73 ಸ್ವಾತಂತ್ರ್ಯ ಕೇಳ್ತಿದ್ದ ಪಕ್ಷ ಶಿನ್ ಫೇನ್‌ಗೆ ಬಂತು. ತಡವಾಗಿ ಆದ್ರೂ ಜನರ ಒಪ್ಪಿಗೆ ಸಿಕ್ತು.

ಎಡವಟ್ಟಾಗಿದ್ದು ಆಮೇಲೆ. ಆ ಒಪ್ಪಿಗೆನ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ ಅನ್ನೋ ಸಶಸ್ತ್ರ ಸಂಘಟನೆ) ಪಿತ್ರಾರ್ಜಿತ ಆಸ್ತಿ ಥರ ಇಟ್ಕೊಂಡುಬಿಡ್ತು. ಐರ್ಲೆಂಡಿನ ಹೆಚ್ಚಿನ ಭಾಗಕ್ಕೆ ಸ್ವಯಮಾಡಳಿತ ಕೊಟ್ಟು ಉತ್ತರ ಭಾಗ ಬ್ರಿಟನ್ ಜೊತೆಗೇ ಉಳಿಯೋ ಹಾಗೆ ಮಾಡಿದ 1921ರ ಒಪ್ಪಂದದ ಪರ ಇದ್ದವರನ್ನೇ ಮರುವರ್ಷ ಜನ ಗೆಲ್ಲಿಸಿದ್ರು, ಅದನ್ನ ಲೆಕ್ಕಕ್ಕೇ ತಗೊಳ್ಳದೆ ಒಪ್ಪಂದಕ್ಕೆ ಮುಂಚಿನ ಹಳೇ ಐರಿಷ್ ಪಾರ್ಲಿಮೆಂಟಿನ ಏಳು ಜನ 1938ರಲ್ಲಿ ತಮ್ಮ 'ಸರ್ಕಾರದ ಅಧಿಕಾರ'ನ ಐಆರ್‌ಎ ಮುಖ್ಯಸ್ಥರ ಮಂಡಳಿ ಆರ್ಮಿ ಕೌನ್ಸಿಲ್‌ಗೆ ಬರೆದುಕೊಟ್ರು. ಏಳೇ ಸಹಿ! ಅದಾದ್ಮೇಲೆ ಜನರನ್ನ ಕೇಳೋ ಪ್ರಶ್ನೆನೇ ಇಲ್ಲ.

ಉತ್ತರ ಐರ್ಲೆಂಡಲ್ಲಿ ಕ್ಯಾಥೊಲಿಕರಿಗೆ ಮನೆ, ಕೆಲಸದಲ್ಲಿ ಆದ ಅನ್ಯಾಯ ಸುಳ್ಳಲ್ಲ, 1972ರ ಜನವರಿ 30ಕ್ಕೆ ಡೆರಿಲಿ ಮೆರವಣಿಗೆ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ 13 ಜನರನ್ನ ಅವತ್ತೇ ಕೊಂದಿದ್ದೂ ಸುಳ್ಳಲ್ಲ. ಆದ್ರೆ ಅದೇ ಡಿಸೆಂಬರ್‌ನಲ್ಲಿ ಬೆಲ್‌ಫಾಸ್ಟಿನ ಜೀನ್ ಮೆಕಾನ್ವಿಲ್, ವಿಧವೆ, ಹತ್ತು ಮಕ್ಕಳ ತಾಯಿ, ಅವರನ್ನ ಇನ್‌ಫಾರ್ಮರ್ ಅಂತ ಹೇಳಿ ಐಆರ್‌ಎ ಮಕ್ಕಳ ಎದುರೇ ಎಳ್ಕೊಂಡು ಹೋಗಿ, ಕೊಂದು, ಹೂತುಹಾಕ್ತು. ಶವ ಸಿಕ್ಕಿದ್ದು 2003ರಲ್ಲಿ, ಲೌತ್ ಜಿಲ್ಲೆಯ ಕಡಲತೀರದಲ್ಲಿ. ಮಾಹಿತಿ ಕೊಟ್ಟಿದ್ರು ಅನ್ನೋಕೆ, ಪೊಲೀಸರ ಮೇಲಿನ ದೂರು ತನಿಖೆ ಮಾಡೋ ಪೊಲೀಸ್ ಓಂಬುಡ್ಸ್‌ಮನ್‌ಗೆ ಯಾವ ಪುರಾವೆನೂ ಸಿಗಲಿಲ್ಲ. ಇದನ್ನ ಬರೆಯುವಾಗ್ಲೂ ಹೊಟ್ಟೆ ಉರಿಯುತ್ತೆ ಸರ್.

ಕೊನೆಗೆ 1998ರ ಮೇನಲ್ಲಿ ಶಾಂತಿ ಒಪ್ಪಂದದ ಬಗ್ಗೆ ಎರಡೂ ಕಡೆ ಜನರನ್ನೇ ಕೇಳಿದ್ರು, ಉತ್ತರದಲ್ಲಿ 71%, ದಕ್ಷಿಣದಲ್ಲಿ 94% ಹೂಂ ಅಂದ್ರು. ಮೂರು ತಿಂಗಳೂ ಆಗಿರಲಿಲ್ಲ, ಕದನವಿರಾಮ, ಶಾಂತಿ ಮಾತುಕತೆ ಬೇಡ ಅಂತ ಬೇರೆಯಾಗಿದ್ದ ರಿಯಲ್ ಐಆರ್‌ಎ ಉತ್ತರ ಐರ್ಲೆಂಡಿನ ಒಮಾ ಪೇಟೆಲಿ ಕಾರ್ ಬಾಂಬ್ ಇಟ್ತು. ಕೋರ್ಟ್ ಹತ್ರ ಬಾಂಬ್ ಇದೆ ಅಂತ ತಪ್ಪು ಎಚ್ಚರಿಕೆ ಬಂದಿದ್ರಿಂದ ಪೊಲೀಸರು ಜನರನ್ನ ಕಳಿಸಿದ್ದು ಆ ಕಾರು ನಿಂತಿದ್ದ ಕಡೆಗೇ. ಸತ್ತ 29 ಜನರಲ್ಲಿ ಕ್ಯಾಥೊಲಿಕರಿದ್ರು, ಪ್ರಾಟೆಸ್ಟೆಂಟರಿದ್ರು, ಸ್ಪೇನಿಂದ ಬಂದಿದ್ದ ಹುಡುಗನೂ ಇದ್ದ. ಇಂಥವರನ್ನ ಕಾನಲಿ ಪಕ್ಕ ನಿಲ್ಲಿಸೋಕೆ ನನ್ನಿಂದ ಆಗಲ್ಲ ಸರ್.